ಇಪ್ಪತ್ತು ಸಲ ಹೋಗಿಬರುವ ದಾರಿ

ಪ್ರಶ್ನೆ: ಮೇಡಂ, ನಮ್ಮದು ಸಿಂಧನೂರು ತಾಲ್ಲೂಕಿನ ಸಾಲಗುಂದ. ಕಾಲುವೆ ಕೆಳಗೆ ಸ್ವಲ್ಪ ಗದ್ದೆ ಇದೆ, ಭತ್ತ ಬೆಳೆಯುತ್ತೇವೆ. ಮಗಳಿಗೆ 13 ವರ್ಷ, ಎಂಟನೇ ತರಗತಿ. ಮೇಲಿನ ಮುಂದಿನ ಹಲ್ಲುಗಳು ಹೊರಗೆ ಬಂದಿವೆ, ಒಂದರ ಮೇಲೊಂದು ಏರಿವೆ. ತುಟಿ ಕೂಡುವುದಿಲ್ಲ. ಹಲ್ಲಿನ ಮೇಲೆ ಕಂದು ಗೆರೆಗಳೂ ಇವೆ. ಶಾಲೆಯಲ್ಲಿ ಅವಳಿಗೊಂದು ಅಡ್ಡಹೆಸರು ಇಟ್ಟಿದ್ದಾರೆ, ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಈಚೆಗೆ ನಗು ಬಂದರೆ ಓಡ್ನಿಯ ಅಂಚನ್ನು ಬಾಯಿಗೆ ಹಿಡಿಯುತ್ತಾಳೆ. ಊಟಕ್ಕೂ ಗೋಡೆ ಕಡೆ ಮುಖ ಮಾಡಿ ಕೂಡುತ್ತಾಳೆ.

ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. "ದೊಡ್ಡ ಊರಾಗ ದೊಡ್ಡ ಡಾಕ್ಟ್ರು ಅದಾರ, ಬಾ ಅಕ್ಕ" ಅಂದಿದ್ದ. ಐದು ದಿನದಲ್ಲಿ ಮೂರು ಕ್ಲಿನಿಕ್ ತಿರುಗಿದೆವು. ಒಬ್ಬರು ನಾಲ್ಕು ಹಲ್ಲು ಕೀಳಬೇಕು ಅಂದರು. ಎರಡನೆಯವರು ಕೀಳುವುದೇ ಬೇಡ, ಎಂಟು ತಿಂಗಳಲ್ಲಿ ಮುಗಿಸುತ್ತೇವೆ, ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ ಅಂದರು. ಮೂರನೆಯವರು ಕಣ್ಣಿಗೆ ಕಾಣದ ಅಲೈನರ್ ಹಾಕೋಣ, ಕಂತಿನಲ್ಲಿ ಕಟ್ಟಿ ಅಂದರು. ಮೂವರು ಹೇಳಿದ ದುಡ್ಡಿಗೂ ಒಂದಕ್ಕೊಂದು ತಾಳಮೇಳ ಇಲ್ಲ. ಏನೂ ಮಾಡಿಸದೆ ರಾತ್ರಿ ಬಸ್ಸು ಹತ್ತಿ ಬಂದುಬಿಟ್ಟೆ. ದಾರಿಯುದ್ದಕ್ಕೂ ಮಗಳು ಒಂದು ಮಾತೂ ಆಡಲಿಲ್ಲ.

ಈಗ ಅತ್ತೆ "ಮ್ಯಾಲಿನ ಹಲ್ಲು ಕಿತ್ತರ ಕಣ್ಣು ಹೋಗ್ತಾವ" ಅನ್ನುತ್ತಾರೆ. ಯಜಮಾನರು "ಲಗ್ನದ ಹೊತ್ತಿಗೆ ನೋಡೂಣು ಬಿಡು" ಅನ್ನುತ್ತಾರೆ. ತಮ್ಮ ಮತ್ತೆ ಬಾ, ಇನ್ನೂ ದೊಡ್ಡವರಿಗೆ ತೋರಿಸೋಣ ಅನ್ನುತ್ತಾನೆ. ನಾನೇ ಮೊದಲು ಗಮನಿಸಬೇಕಿತ್ತು, ತಪ್ಪೆಲ್ಲ ನನ್ನದೇ ಅನ್ನಿಸಿ ರಾತ್ರಿ ನಿದ್ದೆ ಬರುವುದಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಸರಿಯಾದ ಹಲ್ಲಿನ ಡಾಕ್ಟರನ್ನು ಹುಡುಕುವುದು ಹೇಗೆ?

– ಹೆಸರು ಬೇಡ, ಸಾಲಗುಂದ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನನ್ನ ಕಣ್ಣಿಗೆ ಕಟ್ಟಿದ್ದು ಆ ರಾತ್ರಿ ಬಸ್ಸು. ಕಿಟಕಿ ಪಕ್ಕ ಮಾತಿಲ್ಲದ ಮಗಳು, ಅವಳ ಪಕ್ಕ ನಿದ್ದೆಯಿಲ್ಲದ ನೀವು. ಐದು ದಿನ ಅಲೆದು, ಬಂಧುಗಳಿಗೆ ತೊಂದರೆ ಕೊಟ್ಟು, ಕೊನೆಗೆ ಬರಿಗೈಯಲ್ಲಿ ಮರಳಿದೆನಲ್ಲ ಎಂಬ ಸಂಕಟ ನಿಮ್ಮ ಒಂದೊಂದು ಸಾಲಿನಲ್ಲೂ ಇದೆ. ಮಗುವಿಗಾಗಿ ಓಡಾಡಿ ದಾರಿ ಕಾಣದೆ ನಿಂತ ಯಾವ ತಾಯಿಗೂ ಹೀಗೆಯೇ ಆಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆ ಬರಿಗೈಯ ಬಗ್ಗೆ ಒಂದು ಮಾತು. ಇವತ್ತೇ ಮುಂಗಡ ಕೊಡಿ ಎಂದವರ ಎದುರಿಗೆ ನೀವು ಪರ್ಸಿನ ಬಾಯಿ ಬಿಚ್ಚಲಿಲ್ಲ. ಅರ್ಥವಾಗದ ಮಾತಿಗೆ ಹೂಂ ಅನ್ನಲಿಲ್ಲ. ಗಾಬರಿಯಲ್ಲಿದ್ದೂ, ಪರಸ್ಥಳದಲ್ಲಿದ್ದೂ ಹಾಗೆ ಕೈ ತಡೆದದ್ದು ಸಣ್ಣ ಸಂಗತಿಯಲ್ಲ. ನೀವು ಸೋತು ಬಂದಿರಿ ಎಂದು ತಿಳಿದಿದ್ದೀರಿ. ನನಗೆ ಕಂಡಂತೆ ಮಗಳನ್ನು ಅವಸರದ ನಿರ್ಧಾರದಿಂದ ಕಾಪಾಡಿಕೊಂಡು ಬಂದಿದ್ದೀರಿ.

ಇನ್ನು "ತಪ್ಪೆಲ್ಲ ನನ್ನದೇ" ಎಂಬ ಮಾತು. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಬಹುಪಾಲು ಬರುವುದು ಹನ್ನೆರಡು ಹದಿಮೂರರ ಹೊತ್ತಿಗೆ. ನಾವು ಕ್ಲಿಪ್ ಅಥವಾ ತಂತಿ ಎನ್ನುವ ಚಿಕಿತ್ಸೆಯನ್ನು ಸಾಮಾನ್ಯವಾಗಿ 11ರಿಂದ 14ನೇ ವಯಸ್ಸಿನಲ್ಲೇ ಶುರುಮಾಡುತ್ತಾರೆ. ನಿಮ್ಮ ಮಗಳು ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾಳೆ. ನೀವು ತಡಮಾಡಿಲ್ಲ. ಈ ಒಂದು ಸಾಲನ್ನು ರಾತ್ರಿ ಎಚ್ಚರವಾದಾಗ ನೆನಪಿಸಿಕೊಳ್ಳಿ.

ನಾನು ಆಪ್ತಸಮಾಲೋಚಕಿ, ದಂತವೈದ್ಯೆಯಲ್ಲ. ಅವಳ ಬಾಯಿ ನೋಡಿ ಹೇಳಬೇಕಾದದ್ದನ್ನು ವೈದ್ಯರೇ ಹೇಳಬೇಕು. ಆದರೆ ವೈದ್ಯರ ಎದುರು ಕೂಡುವ ಮೊದಲು ಒಬ್ಬ ತಾಯಿಗೆ ಗೊತ್ತಿದ್ದರೆ ಧೈರ್ಯ ಕೊಡುವಂಥ ಕೆಲವು ಸಂಗತಿಗಳಿವೆ. ಅವನ್ನು ನಿಮ್ಮೊಡನೆ, ಇದೇ ಚಿಂತೆಯಲ್ಲಿರುವ ಲಿಂಗಸುಗೂರಿನ, ಮಸ್ಕಿಯ, ಇನ್ನೂ ಎಷ್ಟೋ ಊರುಗಳ ತಾಯಂದಿರೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಆ ಮೂರು ಅಭಿಪ್ರಾಯಗಳ ಗೊಂದಲ. ಮೂವರು ಮೂರು ಹೇಳಿದರೆಂದರೆ ಇಬ್ಬರಾದರೂ ಮೋಸಗಾರರು ಎಂದು ಮನಸ್ಸು ತಕ್ಷಣ ತೀರ್ಮಾನಿಸುತ್ತದೆ. ಹಾಗೇ ಇರಬೇಕಿಲ್ಲ. ಹಲ್ಲು ಕಿತ್ತು ಜಾಗ ಮಾಡಬೇಕೋ, ಕೀಳದೆ ಸಾಲು ಹಿಗ್ಗಿಸಬೇಕೋ ಎಂಬ ವಾದಕ್ಕೆ ನೂರು ವರ್ಷ ದಾಟಿದೆ. ಹಲ್ಲುಗಳು ಕೂಡುವ ಬಗೆಯನ್ನು 1899ರಲ್ಲಿ ವರ್ಗೀಕರಿಸಿ ಈ ವಿದ್ಯೆಗೆ ಅಡಿಪಾಯ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್, ಒಂದು ಹಲ್ಲನ್ನೂ ಕೀಳಬಾರದು ಎನ್ನುತ್ತಿದ್ದರು. ಕೆಲವರಿಗೆ ಕೀಳಲೇಬೇಕಾಗುತ್ತದೆ ಎಂದು ಅದೇ ದೇಶದ ಕ್ಯಾಲ್ವಿನ್ ಕೇಸ್ 1911ರಲ್ಲಿ ದಂತವೈದ್ಯರ ಸಭೆಯಲ್ಲಿ ವಾದಿಸಿದರು. ಮುಂದೆ ಆಂಗಲ್ ಅವರ ಶಿಷ್ಯರೇ ಆದ ಚಾರ್ಲ್ಸ್ ಟ್ವೀಡ್, ಕೀಳದೆ ಸರಿಮಾಡಿದ ಹಲ್ಲುಗಳು ಎಷ್ಟೋ ಜನರಲ್ಲಿ ಮತ್ತೆ ಮುಂದೆ ಬಂದದ್ದನ್ನು ಕಂಡು, ಗುರುವಿನ ದಾರಿ ಬಿಟ್ಟು ಹಲ್ಲು ಕಿತ್ತು ಚಿಕಿತ್ಸೆ ಕೊಟ್ಟರು. ಇವತ್ತಿಗೂ ತಜ್ಞರು ಒಂದೊಂದು ಬಾಯಿಯನ್ನೂ ಅಳೆದು, ಅದಕ್ಕೆ ತಕ್ಕಂತೆ ತೀರ್ಮಾನಿಸುತ್ತಾರೆ.

ಹಾಗಾಗಿ ಕೀಳಬೇಕು ಎಂದವರು ಕೆಟ್ಟವರೂ ಅಲ್ಲ, ಬೇಡ ಎಂದವರು ಒಳ್ಳೆಯವರೂ ಅಲ್ಲ. ನೀವು ಗಮನಿಸಬೇಕಾದದ್ದು ಬೇರೆ. ಆ ಮೂವರಲ್ಲಿ ಯಾರು ಎಕ್ಸ್‌ರೇ ತೆಗೆಸಿದರು? ಯಾರು ಹಲ್ಲಿನ ಅಚ್ಚು ತೆಗೆದು, ಮುಖದ ಫೋಟೊ ತೆಗೆದು, ಅಳತೆ ಹಾಕಿ ಮಾತಾಡಿದರು? ಯಾರು ಏಕೆ ಎಂಬುದನ್ನು ನಿಮಗೆ ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳಿದರು? ಪೂರ್ತಿ ದವಡೆಯ ಎಕ್ಸ್‌ರೇ, ಮುಖದ ಪಕ್ಕದಿಂದ ತೆಗೆಯುವ ಇನ್ನೊಂದು ಎಕ್ಸ್‌ರೇ, ಹಲ್ಲಿನ ಅಚ್ಚು – ಸಾಮಾನ್ಯವಾಗಿ ಇವಿಲ್ಲದೆ ಈ ಚಿಕಿತ್ಸೆಯ ಯೋಜನೆ ಆಗುವುದಿಲ್ಲ. ಬಾಯಿ ತೆರೆಸಿ ಒಂದು ಕ್ಷಣ ಇಣುಕಿ ತಿಂಗಳು, ದುಡ್ಡು ಎರಡನ್ನೂ ಹೇಳಿಬಿಟ್ಟವರ ಮಾತನ್ನು ಅಭಿಪ್ರಾಯವೆಂದು ಲೆಕ್ಕ ಹಿಡಿಯಬೇಡಿ. ಏರಿಕೊಂಡ, ಮುಂದೆ ಬಂದ ಹಲ್ಲಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಹಲ್ಲನ್ನು ಮೆಲ್ಲಗೆ ಒತ್ತಿದಾಗ ಒಂದು ಕಡೆ ಮೂಳೆ ಕರಗಿ ಇನ್ನೊಂದು ಕಡೆ ಹೊಸ ಮೂಳೆ ಕೂಡಬೇಕು. ದೇಹ ತನ್ನ ಹೊತ್ತಿನಲ್ಲೇ ಮಾಡುವ ಕೆಲಸ ಅದು. ಎಂಟು ತಿಂಗಳು ಎಂದವರನ್ನು, ಅದು ಹೇಗೆ ಸಾಧ್ಯ ಎಂದು ಕೇಳುವ ಹಕ್ಕು ನಿಮಗಿದೆ.

ಅಲೈನರ್, ಅಂದರೆ ಹಲ್ಲಿನ ಮೇಲೆ ತೊಡಿಸುವ ಪಾರದರ್ಶಕ ಕವಚ, ಅದು ಕೂಡ ಕೆಟ್ಟದ್ದೇನಲ್ಲ. ಕೆಲವರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಅದನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು, ಉಣ್ಣುವಾಗ ತೆಗೆದು ಮರೆಯದೆ ಮತ್ತೆ ಹಾಕಬೇಕು. ಶಾಲೆಗೆ ಹೋಗುವ, ಓಡಾಡುವ ಹುಡುಗಿಗೆ ಅದು ನಡೆದೀತೇ ಎಂಬುದನ್ನು ನೀವೂ ಅವಳೂ ಸೇರಿ ಯೋಚಿಸಬೇಕು. ಹಲ್ಲಿಗೇ ಅಂಟಿಸುವ ಲೋಹದ ಕ್ಲಿಪ್ಪು ಬೆಲೆಯಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ, ಕೆಲಸದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಹೆಚ್ಚು ದುಡ್ಡು ಕೊಟ್ಟರೆ ಮಾತ್ರ ಮಗಳಿಗೆ ಒಳ್ಳೆಯದು ಮಾಡಿದಂತೆ ಎಂದು ದಯವಿಟ್ಟು ತಿಳಿಯಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಊರಿನಲ್ಲಿ ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ಉತ್ತರ ಹೇಳುವ ಮೊದಲು ಬೆರಳು ಮಡಚಿ ಒಂದು ಲೆಕ್ಕ ಹಾಕೋಣ. ಕ್ಲಿಪ್ ಹಾಕಿದ ಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ವೈದ್ಯರ ಹತ್ತಿರ ಹೋಗಬೇಕು, ತಂತಿ ಬದಲಿಸಬೇಕು, ಬಿಗಿ ನೋಡಬೇಕು. ಎರಡು ವರ್ಷವೆಂದರೆ ಸುಮಾರು ಇಪ್ಪತ್ತು ಸಲ. ನಡುವೆ ಹಲ್ಲಿಗೆ ಅಂಟಿಸಿದ ಒಂದು ಗುಂಡಿ ಕಿತ್ತುಬಂದರೆ, ತಂತಿ ಕೆನ್ನೆಗೆ ಚುಚ್ಚಿದರೆ ಇನ್ನೂ ಒಂದೆರಡು ಸಲ. ಸಾಲಗುಂದದಿಂದ ಬೆಂಗಳೂರಿಗೆ ಒಂದು ರಾತ್ರಿ ಹೋಗುವುದು, ಒಂದು ರಾತ್ರಿ ಬರುವುದು. ಅದು ಇಪ್ಪತ್ತು ಸಲ. ನಾಟಿ ಇರಲಿ, ಕೊಯ್ಲಿರಲಿ, ಅವಳ ಹತ್ತನೇ ತರಗತಿಯ ಪರೀಕ್ಷೆ ಇರಲಿ. ಮೂರನೇ ಸಲಕ್ಕೆ ಕಾಲು ಸೋಲುತ್ತದೆ, ಆರನೇ ಸಲಕ್ಕೆ ಮುಂದಿನ ತಿಂಗಳು ನೋಡೋಣ ಎನ್ನುವ ಮಾತು ಬರುತ್ತದೆ. ನಡುವೆ ನಿಂತ ಚಿಕಿತ್ಸೆ ಶುರುವೇ ಆಗದ ಚಿಕಿತ್ಸೆಗಿಂತ ಕಷ್ಟ ಕೊಡುತ್ತದೆ. ತಂತಿ ಬಾಯಲ್ಲೇ ಉಳಿದು, ಹಲ್ಲಿನ ಸುತ್ತ ಕೊಳೆ ಕಟ್ಟಿ ಹುಳುಕಾಗುತ್ತದೆ.

ಆದ್ದರಿಂದ ನಿಮ್ಮ ಹುಡುಕಾಟದ ಮೊದಲ ಅಳತೆಗೋಲು ಇದಿರಲಿ: ಬೆಳಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು ದೂರ.

ಆ ದೂರದಲ್ಲಿ ನಿಮಗೆ ಏನಿದೆ ನೋಡಿ. ರಾಯಚೂರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ನವೋದಯ ಮತ್ತು ಎ.ಎಂ.ಇ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಸಿಂಧನೂರಿನಿಂದ ಈ ಎರಡೂ ಊರಿಗೆ ಹೋಗಿ ಅದೇ ದಿನ ಬರಬಹುದು. ದಂತ ಕಾಲೇಜೆಂದ ಮೇಲೆ ಅಲ್ಲಿ ವಕ್ರದಂತ ಚಿಕಿತ್ಸೆಯ ವಿಭಾಗ, ಅಂದರೆ ಆರ್ಥೊಡಾಂಟಿಕ್ಸ್ ವಿಭಾಗ ಇರುತ್ತದೆ. ಅಲ್ಲಿ ಹೊರರೋಗಿ ಚೀಟಿ ಮಾಡಿಸಿ ಆ ವಿಭಾಗಕ್ಕೆ ತೋರಿಸಬೇಕು ಎಂದು ಹೇಳಿದರೆ ಸಾಕು. ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ, ಕಾಯುವ ಹೊತ್ತು ಹೆಚ್ಚು. ಅನೇಕ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ, ಪ್ರಾಧ್ಯಾಪಕರು ಪ್ರತಿ ಹಂತವನ್ನೂ ನೋಡುತ್ತಾರೆ. ವಿದ್ಯಾರ್ಥಿ ಎಂದ ಕೂಡಲೇ ಹೆದರಬೇಡಿ. ಒಂದು ಪ್ರಶ್ನೆ ಮಾತ್ರ ಕೇಳಿ: "ನಿಮ್ಮ ಕೋರ್ಸು ಮುಗಿದ ಮೇಲೆ ನನ್ನ ಮಗಳನ್ನು ಯಾರಿಗೆ ಒಪ್ಪಿಸುತ್ತೀರಿ?" ಅದು ಮೂರು ವರ್ಷದ ಕೋರ್ಸು. ಮೊದಲ ವರ್ಷದವರ ಕೈಗೆ ಬಂದರೆ ಕೊನೆಯವರೆಗೂ ಅವರೇ ಇರುವ ಸಾಧ್ಯತೆ ಹೆಚ್ಚು.

ಸಿಂಧನೂರಿನಂಥ ಪೇಟೆಗಳ ದಂತ ಕ್ಲಿನಿಕ್ಕುಗಳಿಗೆ ತಿಂಗಳಲ್ಲಿ ಒಂದೆರಡು ದಿನ ಹೊರಗಿನ ತಜ್ಞರು ಬಂದುಹೋಗುವ ಪದ್ಧತಿಯೂ ಇರುತ್ತದೆ. ವಿಚಾರಿಸಿ. ಹಾಗಿದ್ದರೆ, ಅವರು ಬಾರದ ದಿನ ತಂತಿ ಚುಚ್ಚಿದರೆ ಯಾರು ನೋಡುತ್ತಾರೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಯಾವ ಊರೇ ಆಗಲಿ, ತಜ್ಞರನ್ನು ಗುರುತಿಸುವುದು ಹೇಗೆ? ದಂತವೈದ್ಯರೆಲ್ಲರೂ ಬಿ.ಡಿ.ಎಸ್. ಮುಗಿಸಿರುತ್ತಾರೆ, ಅದು ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಓದು. ಅದರ ಮೇಲೆ ಮೂರು ವರ್ಷ ಇದೇ ವಿಷಯ ಓದಿ ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಪಡೆದವರು ಈ ಚಿಕಿತ್ಸೆಯ ತಜ್ಞರು. ಎಂ.ಡಿ.ಎಸ್. ಎಂಬ ಮೂರಕ್ಷರ ಕಂಡ ಕೂಡಲೇ ತೃಪ್ತರಾಗಬೇಡಿ. ಒಸಡಿಗೆ, ಬೇರಿನ ಚಿಕಿತ್ಸೆಗೆ, ಮಕ್ಕಳ ಹಲ್ಲಿಗೆ ಎಲ್ಲಕ್ಕೂ ಬೇರೆ ಬೇರೆ ಎಂ.ಡಿ.ಎಸ್. ಇದೆ. ಯಾವ ವಿಷಯದಲ್ಲಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ನಮ್ಮ ರಾಜ್ಯದಲ್ಲಿ ವೃತ್ತಿ ಮಾಡುವ ದಂತವೈದ್ಯರು ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಸಂಖ್ಯೆಯನ್ನೂ ಕೇಳಬಹುದು. 1965ರಿಂದ ಇರುವ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ ಈ ತಜ್ಞರದೇ ಸಂಘ. ನೀವು ತೋರಿಸುವ ವೈದ್ಯರು ಅದರ ಸದಸ್ಯರೇ ಎಂದು ನೋಡಿಕೊಡುವ ಕೆಲಸವನ್ನು ನಿಮ್ಮ ತಮ್ಮನಿಗೆ ವಹಿಸಿ. ಅವರಿಗೆ ಅಕ್ಕನ ಮಗಳ ಮೇಲೆ ಅಕ್ಕರೆ ಇದೆ. ಆ ಅಕ್ಕರೆಗೆ ಒಂದು ಕೆಲಸ ಕೊಡಿ.

ಬೆಂಗಳೂರಿಗೆ ಹೋಗಲೇಬಾರದು ಎಂದಲ್ಲ. ದವಡೆಯಲ್ಲೇ ದೊಡ್ಡ ವ್ಯತ್ಯಾಸವಿದೆ ಎಂದು ಹತ್ತಿರದ ತಜ್ಞರು ಹೇಳಿದರೆ, ಅಥವಾ ಅವರ ಮಾತು ನಿಮ್ಮ ಮನಸ್ಸಿಗೆ ಕೂಡದಿದ್ದರೆ, ಎಕ್ಸ್‌ರೇ ಮತ್ತು ಅಚ್ಚಿನ ಪ್ರತಿಗಳನ್ನು ತೆಗೆದುಕೊಂಡು ಒಂದು ಸಲ ಹೋಗಿ ಎರಡನೇ ಅಭಿಪ್ರಾಯ ಪಡೆಯಿರಿ. ಅಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲೇ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿಗೂ ಹೋಗಬಹುದು. ದೊಡ್ಡ ಊರು ಒಂದು ಸಲ ಕೇಳಿ ಬರಲಿಕ್ಕೆ, ಹತ್ತಿರದ ಊರು ಎರಡು ವರ್ಷ ನಡೆಸಿಕೊಂಡು ಹೋಗಲಿಕ್ಕೆ. ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಅಲ್ಲೇ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳಿಗೂ ಇದೇ ಮಾತು ಹೇಳುತ್ತೇನೆ. ಊರ ಆ ತುದಿಯ ಹೆಸರಾಂತ ಕ್ಲಿನಿಕ್ಕಿಗಿಂತ, ಮಗು ಶಾಲೆ ಬಿಟ್ಟ ಮೇಲೆ ಒಂದೇ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಡೆಯ ತಜ್ಞರು ಮೇಲು. ಎರಡು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದರೆ ಕ್ಲಿಪ್ ಹಾಕಿಸುವ ಮೊದಲೇ ವೈದ್ಯರಿಗೆ ಅದನ್ನು ಹೇಳಿ.

ಇನ್ನು ಮನೆಯವರ ಮಾತು. ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ, ಮೊಮ್ಮಗಳ ಕಣ್ಣಿನ ಮೇಲಿನ ಪ್ರೀತಿಯೇ ಅದನ್ನು ಆಡಿಸುತ್ತಿದೆ. ಆದರೆ ಅದು ನಿಜವಲ್ಲ. ಹಲ್ಲಿನ ನೋವು ಮುಟ್ಟಿಸುವ ನರ ಬೇರೆ, ಕಣ್ಣಿಗೆ ನೋಟ ಕೊಡುವ ನರ ಬೇರೆ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುವುದಿಲ್ಲ. ನೀವು ಹೇಳಿದರೆ ಅದು ಸೊಸೆಯ ವಾದವಾಗುತ್ತದೆ. ಮೊದಲ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ.

ಯಜಮಾನರ "ಲಗ್ನದ ಹೊತ್ತಿಗೆ" ಎಂಬ ಮಾತಿನಲ್ಲೂ ಕೆಟ್ಟ ಮನಸ್ಸಿಲ್ಲ. ದುಡ್ಡಿನ ಭಾರವನ್ನು ಮುಂದೂಡುವ ದಾರಿ ಅದು. ಅವರಿಗೆ ಎರಡು ವಿಷಯ ಹೇಳಿ. ಮೊದಲನೆಯದು, ಹಲ್ಲಷ್ಟೇ ಮುಂದೆ ಬಂದಿರಬಹುದು, ಇಲ್ಲವೇ ಕೆಳದವಡೆ ಹಿಂದೆ ಉಳಿದು ಮೇಲಿನ ಹಲ್ಲು ಮುಂದೆ ಕಾಣುತ್ತಿರಬಹುದು. ದವಡೆ ಹಿಂದೆ ಉಳಿದಿದ್ದರೆ ಅದು ಬೆಳೆಯುತ್ತಿರುವಾಗಲೇ ಅದನ್ನು ತಿದ್ದಲು ಅವಕಾಶ. ಹೆಣ್ಣುಮಕ್ಕಳಲ್ಲಿ ಆ ಬೆಳವಣಿಗೆ ಗಂಡುಮಕ್ಕಳಿಗಿಂತ ಬೇಗ ಬಂದು ಬೇಗ ಮುಗಿಯುತ್ತದೆ. ಬೆಳವಣಿಗೆ ಮುಗಿದ ಮೇಲೆ, ವ್ಯತ್ಯಾಸ ಬಹಳವಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರಬಹುದು. ಹಾಗಾಗಿ ಚಿಕಿತ್ಸೆ ಯಾವಾಗ ಎಂಬುದನ್ನು ಆಮೇಲೆ ತೀರ್ಮಾನಿಸಿ, ಆದರೆ ತೋರಿಸುವುದನ್ನು ಮುಂದೂಡಬೇಡಿ. ಎರಡನೆಯದು, ಇದು ಬರೀ ಚಂದದ ಮಾತಲ್ಲ. ಮಗು ಎಡವಿ ಬಿದ್ದಾಗ ಮುಂದೆ ಬಂದ ಹಲ್ಲು ಮುರಿಯುವುದು ಹೆಚ್ಚು. ಏರಿಕೊಂಡ ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಈ ಚಿಕಿತ್ಸೆಯ ಹಣವನ್ನು ಭೇಟಿಯಿಂದ ಭೇಟಿಗೆ ಹಂಚಿ ಕೊಡುವುದು ಸಾಮಾನ್ಯ ರೂಢಿ. ನಮಗೆ ಭತ್ತ ಮಾರಿದಾಗ ದುಡ್ಡು ಬರುತ್ತದೆ, ಆಗ ಹೆಚ್ಚು ಕೊಡುತ್ತೇವೆ ಎಂದು ಮೊದಲೇ ಹೇಳಿ ಕೇಳಿನೋಡಿ. ಒಟ್ಟು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅದರಲ್ಲಿ ಎಕ್ಸ್‌ರೇ ಸೇರಿದೆಯೇ, ಹಲ್ಲು ಕೀಳುವುದು ಸೇರಿದೆಯೇ, ಗುಂಡಿ ಕಿತ್ತರೆ ಮತ್ತೆ ಕೊಡಬೇಕೇ, ಕೊನೆಗೆ ಹಾಕುವ ರಿಟೇನರ್ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ. ರಿಟೇನರ್ ಎಂದರೆ ಕ್ಲಿಪ್ ತೆಗೆದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಜಾರದಂತೆ ಹಿಡಿದಿಡುವ ಸಾಧನ. ಅದನ್ನು ಅಸಡ್ಡೆ ಮಾಡಿದರೆ ಎರಡು ವರ್ಷದ ಶ್ರಮ ನೀರುಪಾಲು.

ಆ ಕಂದು ಗೆರೆಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನೋಡದೆ ಹೇಳಲಾರೆ, ಆದರೆ ನಮ್ಮ ರಾಯಚೂರು ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ತೊಂದರೆಯಿಂದ ಬಿಳಿ ಮಚ್ಚೆ, ಕಂದು ಗೆರೆ ಮೂಡಬಹುದು. ಅದು ಹಲ್ಲುಜ್ಜದ ಗುರುತಲ್ಲ, ಅಂಟುರೋಗವೂ ಅಲ್ಲ. ಇದನ್ನು ಮಗಳಿಗೆ ಸ್ಪಷ್ಟವಾಗಿ ಹೇಳಿ. ಕೊಳಕು ಹಲ್ಲು ಎಂದು ಅವಳಿಗೆ ಯಾರೋ ಅಂದಿರುತ್ತಾರೆ, ಅವಳು ನಂಬಿರುತ್ತಾಳೆ. ಕ್ಲಿಪ್ಪಿನಿಂದ ಈ ಗೆರೆ ಹೋಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಇದು ಅವಳಿಗೆ ಈಗಲೇ ತಿಳಿದಿರಲಿ, ಇಲ್ಲದಿದ್ದರೆ ಕ್ಲಿಪ್ ತೆಗೆದ ದಿನ ಕನ್ನಡಿಯ ಮುಂದೆ ಅವಳಿಗೆ ನಿರಾಸೆಯಾದೀತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಇರಬಾರದು. ಕುದಿಸಿದರೆ ಅದು ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಈಗ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಕಂಡದ್ದನ್ನು ಹೇಳುತ್ತೇನೆ. ಅತ್ತೆ ಏನಂದರು ಎಂದು ಬರೆದಿದ್ದೀರಿ, ಯಜಮಾನರು ಏನಂದರು, ತಮ್ಮ ಏನಂದ, ಮೂವರು ವೈದ್ಯರು ಏನಂದರು ಎಲ್ಲವೂ ಇದೆ. ಮಗಳು ಏನಂದಳು ಎಂಬುದು ಎಲ್ಲೂ ಇಲ್ಲ. ಅವಳು ಓಡ್ನಿ ಹಿಡಿದದ್ದು, ಗೋಡೆಗೆ ತಿರುಗಿದ್ದು, ಬಸ್ಸಿನಲ್ಲಿ ಸುಮ್ಮನಿದ್ದದ್ದು ಮಾತ್ರ ಇದೆ. ನಿಮ್ಮ ಮೇಲೆ ದೂರು ಎಂದು ತಿಳಿಯಬೇಡಿ. ಅವಳ ಮೌನವನ್ನು ಇಷ್ಟು ಹತ್ತಿರದಿಂದ ಕಂಡವರು ನೀವೊಬ್ಬರೇ. ಆ ಮೌನ ಏನು ಹೇಳುತ್ತಿದೆ ಎಂದು ಕೇಳುವುದಷ್ಟೇ ಉಳಿದಿದೆ.

ಐದು ದಿನದಲ್ಲಿ ಮೂರು ಸಲ ಅಪರಿಚಿತರ ಎದುರು ಬಾಯಿ ತೆರೆದು, ತನ್ನ ಬಾಯಿಯ ಬಗ್ಗೆ ದೊಡ್ಡವರು ಆಡುವ ಮಾತನ್ನು, ಬೆಲೆಯನ್ನು, ಮನೆಗೆ ಬಂದ ಮೇಲೆ ಲಗ್ನದ ಲೆಕ್ಕವನ್ನು ಕೇಳುತ್ತ ಕೂತಿದ್ದಾಳೆ ಆ ಹುಡುಗಿ. "ನನ್ನಿಂದ ಇಷ್ಟು ಖರ್ಚು" ಎಂದು ಕೊರಗುತ್ತಿರಬಹುದು. "ನಾನು ಇದ್ದ ಹಾಗೆ ಯಾರಿಗೂ ಬೇಡ" ಎಂದು ತಿಳಿದಿರಬಹುದು. ಕ್ಲಿಪ್ ಹಾಕಿಸಿಕೊಳ್ಳಲು ಅವಳಿಗೆ ಆಸೆಯೂ ಇರಬಹುದು, ಭಯವೂ ಇರಬಹುದು. ಮತ್ತೆ ಇದು ಅವಳ ಮನಸ್ಸಿಲ್ಲದೆ ನಡೆಯುವ ಚಿಕಿತ್ಸೆಯೇ ಅಲ್ಲ. ದಿನವೂ ಊಟವಾದ ಮೇಲೆ ತಂತಿಯ ಸಂದಿ ಸಂದಿಗೂ ಬ್ರಷ್ ಮಾಡಬೇಕಾದವಳು ಅವಳು. ಖಡಕ್ ರೊಟ್ಟಿಯನ್ನು ಹಲ್ಲಿನಿಂದ ಕಟುಮ್ಮೆಂದು ಮುರಿಯುವ ಹಾಗಿಲ್ಲ, ಕಬ್ಬು ಸಿಗಿಯುವ ಹಾಗಿಲ್ಲ, ಗುಂಡಿ ಕಿತ್ತುಹೋಗುತ್ತದೆ. ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ತಿನ್ನಬೇಕು, ಇಲ್ಲವೇ ಬಿಸಿ ರೊಟ್ಟಿ ಉಣ್ಣಬೇಕು. ಮೊದಲ ಕೆಲವು ದಿನ ಹಲ್ಲು ಜುಮ್ಮೆನ್ನುತ್ತವೆ, ಅನ್ನ ಸಾರೇ ಗತಿ. ಇದನ್ನೆಲ್ಲ ಎರಡು ವರ್ಷ ನಡೆಸುವವಳ ಒಪ್ಪಿಗೆ ಮೊದಲು ಬೇಕು.

ಅದಕ್ಕೆ ನಾನು ಸೂಚಿಸುವ ಹೆಜ್ಜೆಗಳು ಇಷ್ಟೇ.

ಈ ವಾರ, ಇಬ್ಬರೇ ಇರುವ ಹೊತ್ತು ನೋಡಿ ಮಾತಿಗೆ ಕೂಡಿ. ಮುಖಾಮುಖಿ ಬೇಡ, ಕಾಳು ಹಸನು ಮಾಡುತ್ತಲೋ ಅವಳ ತಲೆ ಬಾಚುತ್ತಲೋ ಕೇಳಿ. "ಬೆಂಗಳೂರಿನಲ್ಲಿ ನಿನಗೆ ಏನನ್ನಿಸಿತು?" ಎಂಬ ಒಂದೇ ಪ್ರಶ್ನೆ ಸಾಕು. ಆಮೇಲೆ ಸುಮ್ಮನಿರಿ. ಉತ್ತರ ತಕ್ಷಣ ಬಾರದಿದ್ದರೆ ಮರುದಿನ ಬರುತ್ತದೆ. "ಹಂಗೇನಿಲ್ಲ ಬಿಡು, ನೀ ಚಂದ ಅದೀ" ಎಂದು ಬೇಗ ಸಮಾಧಾನ ಹೇಳಬೇಡಿ. ಅವಳ ಮಾತು ಪೂರ್ತಿ ಹೊರಗೆ ಬರಲಿ. ಲಗ್ನದ ಮಾತನ್ನು ಹಲ್ಲಿನ ಜೊತೆ ಸೇರಿಸುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಒಂದು ಒಪ್ಪಂದಕ್ಕೆ ಬನ್ನಿ. ಕ್ಲಿಪ್ ಹಾಕಿಸಿದರೆ ಅದು ಅವಳ ಬಾಯಿಗಾಗಿ, ಅವಳ ನಗುವಿಗಾಗಿ.

ಅದೇ ವಾರ ಶಾಲೆಗೆ ಹೋಗಿ ಅವಳ ತರಗತಿಯ ಶಿಕ್ಷಕರನ್ನು ಕಾಣಿ. ಅಡ್ಡಹೆಸರಿನ ವಿಷಯ ತಿಳಿಸಿ. ಇಡೀ ತರಗತಿಯ ಮುಂದೆ ಅವಳ ಹೆಸರೆತ್ತದೆ ಇದನ್ನು ನಿಲ್ಲಿಸಲು ಕೇಳಿಕೊಳ್ಳಿ. ಹಲ್ಲು ನೆಟ್ಟಗಾಗಲು ಎರಡು ವರ್ಷ ಬೇಕು, ಆ ಹೆಸರು ನಿಲ್ಲಲು ಅಷ್ಟು ದಿನ ಕಾಯಬೇಕಾಗಿಲ್ಲ.

ಈ ತಿಂಗಳೊಳಗೆ, ರಾಯಚೂರು ಅಥವಾ ಬಳ್ಳಾರಿಯಲ್ಲಿ ಒಂದು ಸಲ ತೋರಿಸಿ. ಆ ದಿನ ಪರೀಕ್ಷೆ ಮಾಡಿಸುವುದಷ್ಟೇ ಕೆಲಸ, ಒಪ್ಪಿಗೆ ಕೊಡುವುದು ಮನೆಗೆ ಬಂದು ಯೋಚಿಸಿದ ಮೇಲೆ. ಬಾಯಲ್ಲಿ ಉಸಿರಾಡುವ ರೂಢಿ, ಚಿಕ್ಕಂದಿನಲ್ಲಿ ಬೆರಳು ಚೀಪಿದ್ದು ಏನಿದ್ದರೂ ವೈದ್ಯರಿಗೆ ಹೇಳಿ. ಮುಖ್ಯವಾಗಿ ಒಂದನ್ನು ಗಮನಿಸಿ: ಆ ವೈದ್ಯರು ನಿಮ್ಮ ಜೊತೆ ಮಾತ್ರ ಮಾತಾಡುತ್ತಾರೋ, ಮಗಳ ಕಡೆ ತಿರುಗಿ ಅವಳನ್ನೂ ಮಾತಾಡಿಸುತ್ತಾರೋ. ಇಪ್ಪತ್ತು ಸಲ ಆ ಕುರ್ಚಿಯ ಮೇಲೆ ಕೂಡುವವಳು ಅವಳು.

ಇಷ್ಟಾದ ಮೇಲೂ ಅವಳು ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಒಬ್ಬಳೇ ಅಳುತ್ತಿದ್ದರೆ, ಬದುಕು ಬೇಡ ಎಂಬಂಥ ಮಾತು ಆಡಿದರೆ ಹಲ್ಲಿನ ವೈದ್ಯರಿಗಾಗಿ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನಲ್ಲೂ ವಿಚಾರಿಸಬಹುದು. ನಿಮಗೂ ನಿದ್ದೆಯಿಲ್ಲ ಎಂದಿದ್ದೀರಿ. ಆ ಸಂಖ್ಯೆ ನಿಮಗೂ ಇದೆ.

ಕೊನೆಗೆ, ಸಿಂಧನೂರಿನ ಪೇಟೆಗೆ ಹೋದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ವೈದ್ಯರು ಹೇಳಿದ್ದು, ಕೊಟ್ಟ ದುಡ್ಡು, ಮುಂದಿನ ತಾರೀಖು, ನೀವು ಕೇಳಬೇಕಾದ ಪ್ರಶ್ನೆ ಎಲ್ಲ ಅದರಲ್ಲೇ ಇರಲಿ, ಇಪ್ಪತ್ತು ಸಲವೂ ಅದು ನಿಮ್ಮ ಚೀಲದಲ್ಲಿರಲಿ. ಆದರೆ ಮೊದಲ ಪುಟದಲ್ಲಿ ನೀವು ಏನೂ ಬರೆಯಬೇಡಿ. ಅದನ್ನು ಮಗಳ ಕೈಗೆ ಕೊಟ್ಟು, "ಡಾಕ್ಟರಿಗೆ ನೀನು ಏನು ಕೇಳಬೇಕು ಅಂತೀ, ಬರಿ" ಎನ್ನಿ. ಅವಳು ಏನು ಬರೆದರೂ, ಒಂದೇ ಸಾಲಾಗಿದ್ದರೂ, ವೈದ್ಯರ ಎದುರು ಕೂತಾಗ ಮೊದಲು ಆ ಪುಟ ತೆಗೆಯಿರಿ.